ಕುಂಬಿ ಮುಗಿಯುವ ತನಕ

ನಿಚ್ಚಣಿಕೆಯ ಕೊನೆಯ ಮೆಟ್ಟಿಲಿಗೆ ಕಾಲಿಟ್ಟ ಪುತಳಾ ಅಲ್ಲೇ ನಿಂತುಬಿಟ್ಟಳು.

ತಲೆಯ ಮೇಲೆ ಕಲಸಿದ ಸುಣ್ಣದ ಬುಟ್ಟಿ. ಎದುರಿಗೆ ದೌಲಪ್ಪ ಸಾಹುಕಾರರ ಮಾಳಿಗೆ. ಮಾಳಿಗೆಯ ಅಂಚಿನಲ್ಲಿ ಎದೆಮಟ್ಟ ಎದ್ದುನಿಂತ ಕುಂಬಿ ಗೋಡೆ. ಆ ಗೋಡೆಗೆ ಕಿವಿ ಹಚ್ಚಿ ಒಬ್ಬ ಗೌಂಡಿ ಕೂತಿದ್ದ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಬಡಿದು ಬಡಿದು ಕೇಳುತ್ತಿದ್ದ.

ಟಕ್... ಟಕ್... ಡಬ್.

ಅವನ ಮುಖ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ ಕಾಣುತ್ತಿತ್ತು. ಆದರೆ ಎರಡು ವರ್ಷ ಮನಸ್ಸಿನಲ್ಲೇ ಬೈದು ಬೈದು ಸವೆಸಿದ ಬೆನ್ನನ್ನು ಯಾವ ಹೆಣ್ಣು ಮರೆಯುತ್ತಾಳೆ!

'ಇವನಲ್ಲ... ದೇವರೇ, ಇವನಾಗಿರಬಾರದು...'

ಗೌಂಡಿ ತಿರುಗಿದ. ಅವನೇ. ಕಮಲಾಪುರದ ತುಕಾರಾಮ.

ಅವನು ಅವಳ ತಲೆಯ ಮೇಲಿನ ಬುಟ್ಟಿಯನ್ನು ನೋಡಿದ.

"ಬುಟ್ಟಿ ಇಳಸು ಪುತಳಾ. ಕುತ್ತಿಗಿ ನೋಯತದ."

"ನನ್ನ ಕುತ್ತಿಗಿ ಫಿಕರ್ ನಿಮಗ್ಯಾಕ್ರಿ ಗೌಂಡ್ಯಾರ? ಎರಡು ವರ್ಷ ಯಾರು ಇಳಿಸ್ಯಾರ ಈ ಬುಟ್ಟಿ?"

ಅವನು ಎದ್ದು ಕೈ ಚಾಚಿದ. ಅವಳು ಅವನ ಕೈ ತಪ್ಪಿಸಿ, ಬುಟ್ಟಿಯನ್ನು ತಾನೇ ಇಳಿಸಿದಳು. ಇಳಿಸಿದ ರಭಸಕ್ಕೆ ಸುಣ್ಣ ಸಿಡಿದು ಅವನ ಧೋತರದ ಮೇಲೆ ಬಿತ್ತು. ಬೀಳಲಿ ಎಂದೇ ಇಳಿಸಿದ್ದಳು.

ಕೋಪ ಬರದೆ ಇರುತ್ತದೆಯೇ? ಇವನು ಅವಳ ಅಪ್ಪನ ಶಿಷ್ಯ. ಕಲಬುರಗಿಯ ಶಹಾಬಜಾರದಲ್ಲಿ ಮಾಣಿಕಪ್ಪ ಉಸ್ತಾದ ಎಂದರೆ ದೊಡ್ಡ ಹೆಸರು. ಎಡಗೈಯಲ್ಲಿ ಕರಣಿ ಹಿಡಿಯುವ ಗೌಂಡಿ, ಅವನು ಕಟ್ಟಿದ ಕುಂಬಿ ಎಂದೂ ಸೋರುವುದಿಲ್ಲ ಎಂದು ಊರೇ ಹೇಳುತ್ತಿತ್ತು. ಆ ಉಸ್ತಾದ ತನ್ನ ಒಬ್ಬಳೇ ಮಗಳನ್ನು ಈ ಶಿಷ್ಯನಿಗೆ ಕೊಡುವುದೆಂದು ಸಕ್ಕರೆ ಹಂಚಿದ್ದ. ತುಕಾರಾಮನ ತಾಯಿ ಬಂದು ಕುಪ್ಪಸದ ಹಸಿರು ಖಣವೊಂದನ್ನು ಪುತಳಾಳ ಉಡಿಗೆ ಹಾಕಿದ್ದಳು.

ಅವರ ಮಂದಿಯಲ್ಲಿ ಸಕ್ಕರೆಯ ದಿನ ಕೊಟ್ಟ ಖಣವನ್ನು ಹಾಗೇ ಇಟ್ಟಿರಬೇಕು. ಮದುವೆ ಗೊತ್ತಾದ ಮೇಲೆ ಹೊಲಿಸಿ, ಅರಿಷಿಣದ ದಿನ ತೊಡಬೇಕು. ಹೊಲಿಸದೆ ಹಿಂದಕ್ಕೆ ಕೊಟ್ಟರೆ ಸಂಬಂಧ ಮುರಿಯಿತು ಎಂದೇ ಅರ್ಥ. ಪಂಚರು ಬೇಡ, ಜಗಳ ಬೇಡ, ಮಾತೂ ಬೇಡ.

ಆ ಖಣ ಎರಡು ವರ್ಷದಿಂದ ಪುತಳಾಳ ಸೊಂಟದ ಚಂಚಿಯಲ್ಲಿತ್ತು. ಸಿಕ್ಕ ದಿನ ಅವನ ಮುಖದ ಮೇಲೆ ಎಸೆಯಲಿಕ್ಕೆ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಎಸೆಯುವ ಬಟ್ಟೆಗೆ ನುಸಿ ಬೀಳಬಾರದೆಂದು ಬೇವಿನೆಲೆ ಇಟ್ಟು ಕಾಪಾಡುವುದು ಯಾವ ಊರಿನ ಪದ್ಧತಿಯೋ! ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಈ ಶ್ರಾವಣದೊಳಗೆ ಅದನ್ನು ತಿರುಗಿಸಿ ಕೊಡು, ಬೇರೆ ಗಂಡು ನೋಡಿದ್ದೇನೆ ಎಂದು ಸೋದರಮಾವ ಬೇರೆ ಬೆನ್ನು ಹತ್ತಿದ್ದ.

ಈಗ ಮನುಷ್ಯ ಎದುರಿಗೇ ನಿಂತಿದ್ದಾನೆ. ಅವಳು ಚಂಚಿ ಬಿಚ್ಚಿದಳು. ಖಣ ಹೊರತೆಗೆದು ಕೈ ಮುಂದೆ ಮಾಡಿದಳು.

"ತಗೋರಿ. ನಿಮ್ಮದು ನಿಮಗ."

ತುಕಾರಾಮ ಖಣವನ್ನು ನೋಡಿದ. ಅದರ ಮಡಿಕೆಯ ನಡುವೆ ಒಣಗಿದ ಬೇವಿನೆಲೆಯನ್ನೂ ನೋಡಿದ. ಆಮೇಲೆ ತನ್ನ ಎರಡೂ ಕೈ ತೋರಿಸಿದ. ಮೊಣಕೈತನಕ ಸುಣ್ಣ.

"ಸುಣ್ಣದ ಕೈ. ಮುಟ್ಟಿದ್ರ ಖಣ ಸುಡತದ. ಗ್ವಾಡಿ ಮುಗೀಲಿ, ಕೈ ತೊಳಕೊಂಡು ನಾನಾಗೇ ಕೇಳ್ತೀನಿ. ಆವಾಗ ಕೊಡು."

"ಖರೇ ಕೇಳ್ತೀರಿ?"

"ಕೇಳ್ತೀನಿ."

ಅವಳು ಖಣವನ್ನು ಮತ್ತೆ ಚಂಚಿಗೆ ತುರುಕಿದಳು. ಎದೆಯ ಮೇಲಿನ ಭಾರ ಇಳಿಯುತ್ತದೆಂದು ಅಂದುಕೊಂಡಿದ್ದಳು... ಇಳಿಯಲಿಲ್ಲ.

"ಉಸ್ತಾದ್ರು ಹೆಂಗ ಅದಾರ?" ಅವನು ಗೋಡೆಯ ಕಡೆ ನೋಡುತ್ತಲೇ ಕೇಳಿದ.

"ನಿಮಗ ಗೊತ್ತಿಲ್ಲೇನು? ನೀವು ಹೋದ ವರ್ಷದ ಛಳಿಯಾಗೇ ಲಕ್ವಾ ಹೊಡೀತು. ಎಡಗೈ, ಎಡಗಾಲು ಬಿದ್ದಾವ. ಮಾತು ಹೋಗ್ಯಾವ."

ಸುತ್ತಿಗೆ ಅವನ ಕೈಯಿಂದ ಜಾರಿ ಮಾಳಿಗೆಯ ಮೇಲೆ ಬಿತ್ತು.

"ಮಾತು...? ಹಂಗಂದ್ರ... ನಿನಗ ಏನೂ ಹೇಳಿಲ್ಲೇನು ಅವರು?"

"ಏನು ಹೇಳಬೇಕಿತ್ತು? ನಿಮ್ಮ ಹೆಸರು ಯಾರರೆ ತಗದ್ರ ಕಣ್ಣಾಗ ನೀರು ತರತಾರ, ಅಷ್ಟ."

ಅವನು ಬಾಗಿ ಸುತ್ತಿಗೆ ಎತ್ತಿಕೊಂಡು ಗೋಡೆಯ ಕಡೆ ತಿರುಗಿದ.

'ನೋಡು ಹೆಂಗ ಮುಖ ತಿರುಗಸ್ತಾನ! ತಪ್ಪು ಮಾಡಿದವರದು ಇದೇ ರೀತಿ...' ಪುತಳಾ ಹಲ್ಲು ಕಚ್ಚಿದಳು.

*

ಕೆಳಗಿನ ಕೋಣೆಯಿಂದ ಕೂಸಿನ ಕೆಮ್ಮು ಕೇಳಿಸಿತು.

ಹಳೆಯ ಮನೆಯ ಮೇಲೆ ಸಾಹುಕಾರರು ಹೊಸದಾಗಿ ಎಬ್ಬಿಸಿದ ಕೋಣೆ ಅದು. ಪೋಲೀಸ್ ಆಕ್ಷನ್ ಆದ ವರ್ಷದ ಬೇಸಿಗೆಯಲ್ಲಿ ಮಾಣಿಕಪ್ಪ, ತುಕಾರಾಮ ಕೂಡಿ ಕಟ್ಟಿದ್ದು. ಗಚ್ಚು ಬಡಿದ ಹೆಂಗಸರಲ್ಲಿ ಪುತಳಾಳೂ ಇದ್ದಳು. ಈಗ ಆ ಕೋಣೆಯಲ್ಲಿ ಸಾಹುಕಾರರ ಮಗಳು ನೀಲಗಂಗಮ್ಮ ಬಾಣಂತಿಯಾಗಿ ಮಲಗಿದ್ದಾಳೆ. ಹೋದ ಮಳೆಗಾಲದಿಂದ ಅಲ್ಲಿನ ಗೋಡೆಗೆ ಬೆವರು. ಮುಟ್ಟಿದರೆ ಕೈ ಒದ್ದೆ, ಬಟ್ಟೆಗೆಲ್ಲ ಬೂಸಲು ವಾಸನೆ. ತೊಟ್ಟಿಲನ್ನು ಯಾವ ಮೂಲೆಗೆ ಸರಿಸಿದರೂ ತಂಪು ಹಿಂದೆಯೇ ಬರುತ್ತಿತ್ತು.

ಆರಿದ್ರಾ ಮಳೆ ಬಾಗಿಲಿಗೆ ಬಂದಿತ್ತು. ಊರಿನ ಗೌಂಡಿಗಳೆಲ್ಲ ಬೇರೆ ಬೇರೆ ಮಾಳಿಗೆ ಹತ್ತಿದ್ದರು. ಸಾಹುಕಾರರು ಕಮಲಾಪುರಕ್ಕೆ ಹೇಳಿ ಕಳಿಸಿದರು, ಯಾರಾದರೂ ಬರಲಿ ಎಂದು. ಸೊಲ್ಲಾಪುರದಿಂದ ಆಗಷ್ಟೇ ಊರಿಗೆ ಮರಳಿದ್ದ ತುಕಾರಾಮ, ಯಾರ ಮನೆಯ ಕುಂಬಿ ಎಂದು ತಿಳಿದೇ ಬಂದಿದ್ದ.

ಅವನು ಗೋಡೆ ಬಡಿಯುತ್ತ ಹೋದ. ಡಬ್ ಎಂದು ಟೊಳ್ಳು ಸದ್ದು ಬಂದಲ್ಲೆಲ್ಲ ಇದ್ದಿಲಿನಿಂದ ಗುರುತು ಮಾಡಿದ.

ಅವು ಯಾವ ಜಾಗ ಎಂಬುದು ಪುತಳಾಳಿಗೂ ಗೊತ್ತಿತ್ತು. ರಜಾಕಾರರ ಹಾವಳಿಯ ದಿನಗಳಲ್ಲಿ ಸಾಹುಕಾರರು ಮನೆಗೆ ಬೀಗ ಹಾಕಿ ಕುಟುಂಬದೊಡನೆ ಸೊಲ್ಲಾಪುರದ ಕಡೆ ಹೋಗಿದ್ದರು. ಪುತಳಾಳನ್ನು ಅಪ್ಪ ಹಳ್ಳಿಗೆ, ಸೋದರತ್ತೆಯ ಮನೆಗೆ ಕಳಿಸಿದ್ದ. ಓಣಿಯಲ್ಲಿ ಉಳಿದ ಹಿರಿಯರು, ಸುಣ್ಣದ ಭಟ್ಟಿಯ ಇಮಾಮುದ್ದೀನ್ ಚಾಚಾ ಸೇರಿದಂತೆ ಎಲ್ಲರೂ ಕೂಡಿ, ಈ ಎತ್ತರದ ಮಾಳಿಗೆಯ ಮೇಲೆ ಪಾಳಿ ಹಾಕಿ ಕಾವಲು ಕೂತರು. ತಲೆ ಎತ್ತದೆ ಓಣಿಯ ತುದಿ ಕಾಣಲೆಂದು ಕುಂಬಿಯಲ್ಲಿ ಅಲ್ಲಲ್ಲಿ ಕಿಂಡಿ ಕೊರೆಸಿದರು.

ಪೋಲೀಸ್ ಆಕ್ಷನ್ ಮುಗಿಯಿತು. ಕಿಂಡಿ ಇದ್ದ ಮನೆಗಳನ್ನು ಒಳಹೊಕ್ಕು ಶೋಧಿಸಿ ಜಡತಿ ಮಾಡುತ್ತಾರೆ ಎಂಬ ಸುದ್ದಿ ಹಬ್ಬಿತು. ಸುರಿಯುವ ಮಳೆಯಲ್ಲೇ ಅವಸರದಿಂದ ಕಿಂಡಿಗಳನ್ನು ಯಾರೋ ಹಸಿ ಮಣ್ಣು ತುಂಬಿ ಮುಚ್ಚಿದರು, ಮೇಲೆ ತೆಳ್ಳಗೆ ಸುಣ್ಣ ಸವರಿದರು. ಮರುದಿನ ತುಕಾರಾಮ ಊರಲ್ಲಿರಲಿಲ್ಲ.

ಅವನೇ ಮುಚ್ಚಿ ಓಡಿಹೋದ ಎಂದು ಊರು ಹೇಳಿತು. ಶಿಷ್ಯ ಹೆಸರು ಕೆಡಿಸಿದ ಕೊರಗಿಗೇ ಉಸ್ತಾದನಿಗೆ ಲಕ್ವಾ ಬಡಿಯಿತು ಎಂದೂ ಹೇಳಿತು. ಪುತಳಾ ಎರಡನ್ನೂ ನಂಬಿದ್ದಳು.

ಉಳಿಯಿಟ್ಟು ಒಂದು ಗುರುತನ್ನು ಅವಳೇ ಒಡೆದಳು. ಮೇಲಿನ ಪದರ ಹಪ್ಪಳದ ಹಾಗೆ ಎದ್ದಿತು. ಒಳಗಿನಿಂದ ಕಪ್ಪು ಕೆಸರು, ಕೊಳೆತ ಇಟ್ಟಿಗೆ ಚೂರು, ಹುಲ್ಲಿನ ಬೇರು ಉದುರಿ ಬಿದ್ದವು.

ಅದೇ ಹೊತ್ತಿಗೆ ದೌಲಪ್ಪ ಸಾಹುಕಾರರು ಗಂಜಿನ ಪೇಟೆಯಿಂದ ಬಂದವರು ಏದುಸಿರು ಬಿಡುತ್ತ ಮಾಳಿಗೆ ಹತ್ತಿದರು. ತುಕಾರಾಮನನ್ನು ಕಂಡವರೇ ಹುಬ್ಬು ಗಂಟಿಕ್ಕಿದರು.

"ಏ, ನೀ ಮಾಣಿಕಪ್ಪನ ಶಿಷ್ಯ ಅಲ್ಲೇನು? ಓಡಿಹೋದಾಂವ?"

ಪುತಳಾಳಿಗೆ ತಡೆಯಲಾಗಲಿಲ್ಲ. ಮುಷ್ಟಿ ತುಂಬ ಕೆಸರು ಹಿಡಿದು ಅವನ ಮುಂದೆ ನಿಂತಳು. ಎರಡು ವರ್ಷದ ಸಿಟ್ಟು ಒಂದೇ ಸಲ ಬಾಯಿಗೆ ಬಂತು.

"ಸಾವ್ಕಾರ್ರ ಮುಂದ ಹೇಳ್ರಿ. ನಮ್ಮಪ್ಪ ಕಲಿಸಿದ್ದು ಇದನೇನು? ಕುಂಬಿಗಿ ಮಣ್ಣು ತುಂಬಂತ ಯಾವಾಗ ಹೇಳಿದ್ದ? ಇದು ನಿಮ್ಮ ಕೈ ಕೆಲಸ ಹೌದೋ ಅಲ್ಲೋ?"

ತುಕಾರಾಮ ಅವಳ ಮುಖವನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಇನ್ನಷ್ಟು ಉರಿಯಿತು.

"ಹೌದು," ಅಂದ. "ನನ್ನ ಕೈ ಕೆಲಸ. ನನ್ನ ತಪ್ಪು ನಾನೇ ನೆಟ್ಟಗ ಮಾಡ್ತೀನಿ ಅಂತ ಬಂದೀನ್ರಿ ಸಾವ್ಕಾರ್ರ."

"ಒಮ್ಮೆ ಮಾಡಿದ್ದು ಸಾಕು!" ಸಾಹುಕಾರರ ಮುಖ ಕೆಂಪಾಯಿತು. "ನನ್ನ ಮೊಮ್ಮಗ ಕೆಮ್ಮಿ ಕೆಮ್ಮಿ ನೀಲಿ ಆಗಾಕತ್ಯಾನ. ಇಳಿ ಕೆಳಗ. ನನ್ನ ಮಾಳಗಿ ಮ್ಯಾಲ ಇನ್ನೊಮ್ಮೆ ಕಾಲಿಡಬ್ಯಾಡ."

ತುಕಾರಾಮ ಕರಣಿ ಒರೆಸಿ ಚೀಲಕ್ಕೆ ಹಾಕಿಕೊಂಡ. ನಿಚ್ಚಣಿಕೆಯ ಹತ್ತಿರ ಹೋಗಿ ನಿಂತು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

"ಸುಣ್ಣ ಒಣಗಾಕ ಬಿಡಬ್ಯಾಡ. ಒದ್ದಿ ಚೀಲ ಮುಚ್ಚು."

*

ಪುತಳಾ ಗೆದ್ದಿದ್ದಳು. ಗೆದ್ದವಳಿಗೆ ಅಳು ಯಾಕೆ ಬರಬೇಕು?

ಅಳು ನುಂಗಿ ಅವಳು ಗೋಡೆ ಕೆರೆಯತೊಡಗಿದಳು. ಸಾಹುಕಾರರು ಬೇರೆ ಗೌಂಡಿಯನ್ನು ಹುಡುಕಲು ಹೋಗಿದ್ದರು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು. ಎರಡನೆಯ ಗುರುತಿನ ಮೇಲಿನ ತೆಳು ಪದರವನ್ನು ಎಬ್ಬಿಸಿದಾಗ, ಕೆಳಗಿನ ಒರಟು ಗಿಲಾವಿನ ಒಂದು ತುಂಡು ಒಡೆಯದೆ ಅಂಗೈಯಗಲ ಕಳಚಿ ಕೈಗೆ ಬಂತು.

ಅದರ ಮೇಲೆ ಗೀರುಗಳಿದ್ದವು.

ಗೌಂಡಿ ಕೆಲಸದಲ್ಲಿ ಇದು ದಿನದ ಮಾತು. ಮೊದಲ ಪದರ ಹಸಿ ಇರುವಾಗಲೇ ಕರಣಿಯ ತುದಿಯಿಂದ ಓರೆಯಾಗಿ ಗೀರುತ್ತಾರೆ, ಮೇಲಿನ ಪದರ ಹಿಡಿದು ನಿಲ್ಲಲಿ ಎಂದು. ಪುತಳಾ ಸುಮ್ಮನೆ ಅದರ ಮೇಲೆ ಬೆರಳು ಆಡಿಸಿದಳು.

ಬೆರಳು ನಿಂತಿತು.

ಈ ಗೀರುಗಳು ಎಂದಿನದಕ್ಕೆ ತಿರುವು ಮುರುವಾಗಿ ಓರೆಯಾಗಿದ್ದವು...

ಅವಳು ಎದ್ದು ಪಕ್ಕದ ಗೋಡೆಗೆ ಓಡಿದಳು. ಆ ಕಡೆಯ ಕುಂಬಿಯನ್ನು ಬೇಸಿಗೆಯಲ್ಲಿ ತುಕಾರಾಮ ಕಟ್ಟುವಾಗ ಅವಳೇ ಸುಣ್ಣ ಕೊಟ್ಟಿದ್ದಳು. ಅಲ್ಲೊಂದು ಚೂರು ಎಬ್ಬಿಸಿ ನೋಡಿದಳು. ಗೀರುಗಳು ಬಲಕ್ಕೆ ಏರುತ್ತಿದ್ದವು. ಕೈಯಲ್ಲಿದ್ದ ತುಂಡಿನವು ಎಡಕ್ಕೆ.

ಉಳಿಯನ್ನು ಬಲಗೈಯಲ್ಲಿ ಹಿಡಿದು ಹಸಿ ಸುಣ್ಣದ ಮೇಲೆ ಗೀರಿದಳು. ಬಲಕ್ಕೆ ಏರಿತು. ಎಡಗೈಗೆ ಬದಲಿಸಿ ಗೀರಿದಳು. ಎಡಕ್ಕೆ.

ಕಲಬುರಗಿಯಲ್ಲಿ ಎಡಗೈಯಲ್ಲಿ ಕರಣಿ ಹಿಡಿಯುವ ಗೌಂಡಿ ಒಬ್ಬನೇ ಇದ್ದ.

'ಇಲ್ಲ... ಅಪ್ಪ ಹಿಂಗ ಮಾಡೂದಿಲ್ಲ. ಅಪ್ಪ ಮಣ್ಣು ತುಂಬಾಂವ ಅಲ್ಲ...'

ಆದರೆ ತುಂಡು ಸುಳ್ಳು ಹೇಳುತ್ತಿರಲಿಲ್ಲ. ಇನ್ನೊಂದನ್ನೂ ಅವಳು ಆಗ ಕಂಡಳು. ಅಪ್ಪನ ಗೀರು ಎಂದರೆ ಒಂದೇ ಎಳೆತ. ಇವು ನಡುನಡುವೆ ನಿಂತು, ಅಲುಗಿ, ತಡವರಿಸಿದ್ದವು. ಆ ಮಳೆಗಾಲದಲ್ಲೇ ಅಪ್ಪನ ಎಡಗೈ ನಡುಗಲು ಹತ್ತಿರಬೇಕು. ಲಕ್ವಾ ಹೊಡೆಯುವ ಮೊದಲೇ ಆ ಕೈಯ ಶಕ್ತಿ ಇಳಿಯುತ್ತಿತ್ತು, ಅದನ್ನು ಮಗಳಿಗೂ ತೋರಗೊಡಲಿಲ್ಲ.

ಹಾಗಾದರೆ ತುಕಾರಾಮ ಯಾಕೆ ಹೌದೆಂದ? ಅವಳೇ ಕೇಳಿದಾಗ, ಎಲ್ಲರೆದುರು ಕೇಳಿದಾಗ, ಯಾಕೆ ಹೌದೆಂದ?

ಗಿಲಾವಿನ ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ಮನೆಗೆ ಓಡಿದಳು.

*

ಮಾಣಿಕಪ್ಪ ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದ. ಮಗಳು ಅವನ ಮುಂದೆ ಕುಸಿದು ಕೂತು, ತುಂಡನ್ನು ಅವನ ಬಲಗೈಗೆ ಇಟ್ಟಳು.

"ಯಪ್ಪಾ... ಇದು ಯಾರ ಕೈ?"

ಮುದುಕ ನೋಡಿದ. ಹೆಬ್ಬೆರಳಿನಿಂದ ಗೀರುಗಳನ್ನು ಸವರಿದ. ಅವನ ತುಟಿ ವಕ್ರವಾಗಿ ನಡುಗಿತು. ಆಮೇಲೆ ಬಲಗೈಯನ್ನು ಮೆಲ್ಲಗೆ ಎತ್ತಿ, ಮಡಿಲಲ್ಲಿ ಸತ್ತಂತೆ ಬಿದ್ದಿದ್ದ ತನ್ನ ಎಡಗೈಯ ಮೇಲೆ ಇಟ್ಟ.

ಪುತಳಾ ಆ ಕೈಯನ್ನು ಹಿಡಿದುಕೊಂಡಳು.

"ಮತ್ತ ಅವರ್ಯಾಕ ತಾ ಮಾಡೀನಿ ಅಂತಾರ? ನೀ ಹೇಳಂದಿ ಏನು?"

ಮುದುಕ ತಲೆದೂಗಿದ. ಹೌದು. ಬಾಯಿಂದ ಒಂದು ಮಾತು ಹೊರಡಿಸಲು ಅವನ ಕುತ್ತಿಗೆಯ ನರವೆಲ್ಲ ಬಿಗಿದವು.

"ಹೆ... ಹೆಸ... ರು..."

ಅಷ್ಟು ಸಾಕಾಯಿತು. ಉಸ್ತಾದನ ಕೈ ಹೋಯಿತೆಂದು ಊರಿಗೆ ತಿಳಿದರೆ ಮರುದಿನದಿಂದ ಕೆಲಸವಿಲ್ಲ. ಹೆಸರೊಂದು ಉಳಿದರೆ ಮಗಳ ಮದುವೆಯ ತನಕ ಹೇಗೋ ದಿನ ದೂಡಬಹುದು. ಅದಕ್ಕೇ ಶಿಷ್ಯನನ್ನು ಬೇಡಿಕೊಂಡ... ತಪ್ಪು ನಿನ್ನದೆನ್ನು, ಸ್ವಲ್ಪ ದಿನ ಊರು ಬಿಡು, ಮಗಳಿಗೆ ನಾನು ಹೇಳಿಕೊಳ್ಳುತ್ತೇನೆ. ಹೇಳಬೇಕೆನ್ನುವಷ್ಟರಲ್ಲಿ ಮಾತೇ ಹೋಯಿತು.

"ಯಪ್ಪಾ, ಇವತ್ತ ನಾ ಅವರ್ನ ಎಲ್ಲಾರ ಮುಂದ ಮಾನ ತಗದೀನಿ. ಕೆಲಸಾ ಬಿಡಿಸಿ ಕಳಸೀನಿ..."

ಮಾಣಿಕಪ್ಪ ಅವಳ ಭುಜ ಹಿಡಿದು ಬಾಗಿಲ ಕಡೆ ತಳ್ಳಿದ. ಬಲಗೈಯಲ್ಲಿ ಅಷ್ಟು ಬಲವಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಹೋ... ಗು."

*

ಮರುದಿನ ಬೆಳಗಿನ ಹುಮನಾಬಾದ ಮೋಟಾರಿನಲ್ಲಿ ಪುತಳಾ ಕಮಲಾಪುರಕ್ಕೆ ಇಳಿದಳು. ರಸ್ತೆಯ ಎರಡೂ ಕಡೆ ಕೆಂಪು ಬಾಳೆಯ ತೋಟ, ಮೇಲೆ ಇಂದೋ ನಾಳೆಯೋ ಎನ್ನುವ ಆಕಾಶ. ದಾರಿಯುದ್ದಕ್ಕೂ ಅವಳಿಗೆ ಒಂದೇ ಹೆದರಿಕೆ. ಅವನು ಹೋಗಿಬಿಟ್ಟಿದ್ದರೆ?

ಅಂಗಳದಲ್ಲಿ ಅವನ ತಾಯಿ ತುಳಜಾಬಾಯಿ ಜೋಳ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು, ಒಳಗೆ ಬಾ ಎನ್ನಲಿಲ್ಲ.

"ಯಾಕ ಬಂದಿ ಯವ್ವಾ? ಇನ್ನೂ ಏನರೆ ಬೈಯೂದು ಉಳದದೇನು?"

"ಉಳದದ ಅತ್ತಿ. ಅದನ್ನ ನೀವು ನನಗ ಬೈಬೇಕು."

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಹಿತ್ತಲ ಕಡೆ ಕೈ ತೋರಿಸಿದಳು.

ತುಕಾರಾಮ ಹಿತ್ತಲಲ್ಲಿ ಗಂಟು ಕಟ್ಟುತ್ತಿದ್ದ. ಸೊಲ್ಲಾಪುರದ ಗಂಟು ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅವಳ ನೆರಳು ಬಿದ್ದಾಗ ಅವನು ತಲೆ ಎತ್ತಿದ.

"ಖಣ ಕೊಡಾಕ ಬಂದಿ ಏನು?"

"ಗ್ವಾಡಿ ಇನ್ನೂ ಮುಗಿದಿಲ್ಲ."

"ಬ್ಯಾರೆ ಗೌಂಡಿ ಮುಗಸ್ತಾನ. ಕೈ ತೊಳಕೊಂಡೀನಿ, ಕೊಟ್ಟುಬಿಡು ಪುತಳಾ. ಇಬ್ಬರಿಗೂ ಹಗುರ ಆಗತದ."

ಅವಳು ಸೆರಗಿನ ಗಂಟು ಬಿಚ್ಚಿ ತುಂಡನ್ನು ಮುಂದೆ ಹಿಡಿದಳು.

ಅವನು ಅದನ್ನು ನೋಡಿದ. ತಟ್ಟನೆ ಅವಳ ಕೈ ಮುಚ್ಚಿ ಹಿಡಿದ, ಯಾರಾದರೂ ಕಂಡುಬಿಟ್ಟಾರು ಎನ್ನುವ ಹಾಗೆ.

"ಯಾರಿಗರೆ ತೋರಿಸಿದೇನು ಇದನ್ನ? ಸಾವ್ಕಾರ್ರಿಗಿ?"

"ಇಲ್ಲ. ಅಪ್ಪಗ ತೋರಿಸಿದೆ."

ಅವನು ಗಂಟಿನ ಮೇಲೆ ಕುಸಿದು ಕೂತ.

"ನಾ ಕೆಡವಿ ಮತ್ತ ತುಂಬ್ತೀನಿ ಅಂದೆ ಅವತ್ತ," ಅವನು ಹೇಳಿದ. "ಮಳಿ ಸುರೀತಿತ್ತು. ಜಡತಿಯವರು ಬಾಜು ಓಣಿಗಿ ಬಂದಾರ ಅಂತ ಗುಲ್ಲು. ಉಸ್ತಾದ್ರು ನನ್ನ ದೂಡಿ ತಾವೇ ನಿಂತ್ರು. ಕೈಯಾಗಿನ ಕರಣಿ ಜಾರಿ ಜಾರಿ ಬೀಳತಿತ್ತು. ಆವಾಗ ನನ್ನ ಕಡಿ ನೋಡಿ ಅತ್ತರು ಪುತಳಾ... ಆ ಮನಷ್ಯಾ ಅತ್ತಿದ್ದು ನಾ ಎಂದೂ ನೋಡಿದ್ದಿಲ್ಲ. ಅವರು ಏನು ಬೇಡಿದ್ರೂ ಕೊಡತಿದ್ದೆ."

"ನನ್ನನ್ನೂ ಕೊಟ್ಟುಬಿಟ್ಟಿರಿ."

ಮಾತು ಅವನಿಗೆ ತಾಗಿತು. ಕಣ್ಣು ಮೇಲೆತ್ತಿದಾಗ ಮೊದಲ ಸಲ ಅದರಲ್ಲಿ ಸಿಟ್ಟಿತ್ತು.

"ನಿನಗ ಎಲ್ಲಾ ಹೇಳ್ಯಾರಂತ ತಿಳದಿದ್ದೆ. ಎರಡು ವರ್ಷ... ಸೊಲ್ಲಾಪುರಕ್ಕ ನಮ್ಮ ಕಡಿಯವರು ಯಾರು ಬಂದ್ರೂ, ಪುತಳಾ ಏನರೆ ಹೇಳಿ ಕಳಿಸ್ಯಾಳೇನು ಅಂತ ಕೇಳ್ತಿದ್ದೆ. ಒಂದು ಮಾತೂ ಬರಲಿಲ್ಲ. ಹೆಸರು ಕೆಟ್ಟಾಂವ ಆಕಿಗಿ ಬ್ಯಾಡಾಗ್ಯಾನ ಅಂದುಕೊಂಡೆ."

"ನನಗ ಗೊತ್ತಿದ್ರ..." ಪುತಳಾಳ ದನಿ ಒಡೆಯಿತು. "ಗೊತ್ತಿದ್ರ ಸೊಲ್ಲಾಪುರಕ್ಕ ನಡಕೋತ ಬರತಿದ್ದೆ. ಇಡೀ ಊರು ಬೈದ್ರೂ ಬರತಿದ್ದೆ."

ಅವಳು ಅತ್ತಳು. ತಡೆದಿಟ್ಟುಕೊಂಡದ್ದೆಲ್ಲ ಒಮ್ಮೆಲೇ ಬಂತು. ಅವನು ಅಂಗೈಯಿಂದ ಅವಳ ಕಣ್ಣು ಒರೆಸಲು ಹೋದ, ಹಿತ್ತಲ ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ಕಂಡು ಕೈ ಹಿಂದೆಗೆದ. ತುಳಜಾಬಾಯಿ ಏನನ್ನೂ ಕಾಣದವಳಂತೆ ಮೊರ ಎತ್ತಿಕೊಂಡು ಒಳಗೆ ಹೋದಳು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಏಳ್ರಿ, ಹೋಗೂಣು," ಪುತಳಾ ಮೂಗು ಒರೆಸಿಕೊಂಡಳು. "ಗ್ವಾಡಿ ತಗದು ಬಿಟ್ಟೀವಿ. ಮಳಿ ಬಂದ್ರ ಕೂಸಿನ ಮ್ಯಾಲ ಬೀಳತದ."

"ಸಾವ್ಕಾರ್ರಿಗಿ ಏನಂತ ಹೇಳೂದು? ಖರೇ ಹೇಳಿದ್ರ ಉಸ್ತಾದ್ರ ಹೆಸರು..."

"ಅಪ್ಪನೇ ಹೋಗು ಅಂದಾನ. ಹೆಸರು ಅಪ್ಪಂದು. ಏನು ಮಾಡ್ತಾನೋ ಅಂವನೇ ಮಾಡ್ಲಿ."

*

ಮಧ್ಯಾಹ್ನದ ಹೊತ್ತಿಗೆ ಶಹಾಬಜಾರದ ಓಣಿಯೇ ಬಾಗಿಲಿಗೆ ಬಂದು ನಿಂತಿತು. ತುಕಾರಾಮ ಮಾಣಿಕಪ್ಪನನ್ನು ಬೆನ್ನ ಮೇಲೆ ಹೊತ್ತು ಬರುತ್ತಿದ್ದ. ಹಿಂದೆ ಪುತಳಾ, ಅವಳ ಕೈಯಲ್ಲಿ ಅಪ್ಪನ ಹಳೆಯ ಕರಣಿ.

ಸಾಹುಕಾರರ ಮನೆಯ ಮುಂದೆ ಅವನು ಹೊರಗಿನ ನಿಚ್ಚಣಿಕೆಯ ಕಡೆ ತಿರುಗಿದ. ಕೂಲಿಯವರು ಹತ್ತುವುದು ಯಾವಾಗಲೂ ಅದನ್ನೇ. ಮುದುಕನನ್ನು ಹೊತ್ತು ಹತ್ತುವುದು ಹೇಗೆ ಎಂದು ಯೋಚಿಸುವಷ್ಟರಲ್ಲಿ, ಸಾಹುಕಾರರ ಹೆಂಡತಿ ಶಂಕ್ರಮ್ಮ ಬಾಗಿಲಿಗೆ ಬಂದಳು.

"ಅಲ್ಲೆಲ್ಲಿ ಹತ್ತತೀಯೋ ಹುಚ್ಚಾ. ಒಳಗಿನ ಪಾವಟಿಗಿಲೇ ಬಾ."

ತುಕಾರಾಮ ಹೊಸ್ತಿಲ ಮುಂದೆ ಅನುಮಾನಿಸಿದ. ಅವಳು ಪಕ್ಕಕ್ಕೆ ಸರಿದು ನಿಂತು ಮತ್ತೊಮ್ಮೆ ಬಾ ಎಂದಳು.

ಮಾಳಿಗೆಯ ಮೇಲೆ ದೌಲಪ್ಪ ಸಾಹುಕಾರರು ತೆರೆದ ಕಿಂಡಿಗಳನ್ನೂ ಆಕಾಶವನ್ನೂ ನೋಡುತ್ತ ನಿಂತಿದ್ದರು. ಬೇರೆ ಗೌಂಡಿ ಸಿಕ್ಕಿರಲಿಲ್ಲ. ತುಕಾರಾಮನನ್ನು ಕಂಡು ಬಾಯಿ ತೆರೆದವರು, ಬೆನ್ನ ಮೇಲಿನ ಮುದುಕನನ್ನು ಕಂಡು ಹಿಂದೆ ಸರಿದು ಜಾಗ ಬಿಟ್ಟರು.

ಪುತಳಾ ಗಿಲಾವಿನ ತುಂಡನ್ನು ಅಪ್ಪನ ಕೈಗೆ ಕೊಟ್ಟಳು. ಎಂದೂ ಸೋರದ ಕುಂಬಿಯ ಹೆಸರು, ಜೀವನವಿಡೀ ಗಳಿಸಿದ ಹೆಸರು... ಅಪ್ಪ ಅದನ್ನು ಬಿಟ್ಟುಕೊಡುತ್ತಾನೆಯೇ?

ಮಾಣಿಕಪ್ಪ ತುಂಡನ್ನು ಸಾಹುಕಾರರ ಕಡೆ ಎತ್ತಿ ಹಿಡಿದ. ಆಮೇಲೆ ಅದನ್ನು ತನ್ನ ಎಡಗೈಯ ಮೇಲೆ ಇಟ್ಟುಕೊಂಡ. ಬಲಗೈಯಿಂದ ಎದೆ ತಟ್ಟಿಕೊಂಡ.

"ನಾ... ನಾನು."

ಸಾಹುಕಾರರು ತುಂಡನ್ನು ನೋಡಿದರು. ಮುದುಕನ ಬಿದ್ದ ಕೈಯನ್ನು ನೋಡಿದರು. ನಿನ್ನೆ ಹೌದೆಂದಿದ್ದ ತುಕಾರಾಮನನ್ನು ನೋಡಿದರು. ಅರ್ಥವಾಗದಷ್ಟು ದಡ್ಡರೇನಲ್ಲ, ಆದರೆ ಮೆತ್ತಗೆ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ರುಮಾಲು ತೆಗೆದು ಮುಖ ಒರೆಸಿಕೊಂಡರು.

"ಗುರು ಶಿಷ್ಯ ಇಬ್ಬರೂ ಕೂಡಿ ನನ್ನ ಗ್ವಾಡಿ ಕೆಡಸೀರಿ," ಅಂದರು. "ಇಬ್ಬರೂ ಕೂಡೇ ಕಟ್ಟರಿ. ಗಂಜಿನಿಂದ ತಾಡಪತ್ರಿ ತರಸ್ತೀನಿ. ಮಳಿ ಬರೂದ್ರಾಗ ಮುಗೀಬೇಕು ನೋಡ್ರಿ."

ಮಾಣಿಕಪ್ಪ ತನ್ನ ಕರಣಿಯನ್ನು ಮಗಳ ಕೈಯಿಂದ ತೆಗೆದುಕೊಂಡು ತುಕಾರಾಮನಿಗೆ ಕೊಟ್ಟ. ಎಡಗೈಗೆ ಸವೆದ ಕರಣಿ ಬಲಗೈಗೆ ಸರಿಯಾಗಿ ಕೂರಲಿಲ್ಲ. ಆದರೂ ತುಕಾರಾಮ ಅದರಲ್ಲೇ ಕೆಲಸ ಶುರುಮಾಡಿದ.

ಆಮೇಲಿನದು ಬರೀ ಓಟ. ಕಿಂಡಿಗಳ ಮಣ್ಣನ್ನೆಲ್ಲ ಬಗೆದು ತೆಗೆದರು. ಒಳಗೆ ನೀರು ಹೊಡೆದು, ಬೆಲ್ಲದ ನೀರು, ಅಳಲೆಕಾಯಿ ನೀರಿನಲ್ಲಿ ಕಲಸಿದ ಸುಣ್ಣ ಹಾಕಿ ಕಲ್ಲು ಕೂರಿಸಿದರು. ಕುಂಬಿಯ ನೆತ್ತಿಯನ್ನು ಒಳಗಡೆಗೆ ಇಳಿಜಾರು ಮಾಡಿದರು, ಬಿದ್ದ ನೀರು ಗೋಡೆಯಲ್ಲಿ ನಿಲ್ಲದೆ ಮಾಳಿಗೆಯ ನೀರು ಹೊರಹಾಕುವ ದೋಣಿಗೆ ಹರಿದುಹೋಗಲಿ ಎಂದು. ಗೋಡೆ ಮಾಳಿಗೆ ಕೂಡುವಲ್ಲಿ ಗುಂಡಗೆ ಗಚ್ಚು ತುಂಬಿದರು. ಮಾಣಿಕಪ್ಪ ನೆರಳಲ್ಲಿ ಕೂತು ನೋಡುತ್ತಿದ್ದ. ಒಪ್ಪಿಗೆಯಾಗದಿದ್ದರೆ ಬಲಗೈಯಿಂದ ನೆಲ ಬಡಿಯುತ್ತಿದ್ದ, ತುಕಾರಾಮ ಮಾತಿಲ್ಲದೆ ಕಿತ್ತು ಮತ್ತೆ ಮಾಡುತ್ತಿದ್ದ.

ತಾಡಪತ್ರಿ ಹೊದಿಸಿ ಕಟ್ಟಿದ ಸಂಜೆಯೇ ಮೊದಲ ಹನಿ ಬಿತ್ತು. ಕೆಲವು ದಿನ ತುಂತುರು, ಬಿಸಿಲು, ಮತ್ತೆ ತುಂತುರು. ದಿನವೂ ತಾಡಪತ್ರಿಯ ಅಂಚು ಎತ್ತಿ ನುಣುಪು ಕಲ್ಲಿನಿಂದ ಸುಣ್ಣ ತಿಕ್ಕುವುದು ಪುತಳಾಳ ಪಾಲಿಗೆ ಬಂತು. ಅವಳು ತಿಕ್ಕುವಾಗ ಅವನಿಗೂ ಅಲ್ಲೇ ಏನೋ ಕೆಲಸ ಹುಟ್ಟುತ್ತಿತ್ತು. ಇಬ್ಬರೂ ಗೋಡೆಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಖಣದ ಮಾತನ್ನಂತೂ ಯಾರೂ ಎತ್ತಲಿಲ್ಲ.

'ಕೇಳ್ತೀನಿ ಅಂದಾನ. ಆಡಿದ ಮಾತು ಬಿಡಾಂವ ಅಲ್ಲ. ಕೇಳಿದ್ರ...?' ಪುತಳಾ ಕಲ್ಲನ್ನು ಇನ್ನೂ ಜೋರಾಗಿ ತಿಕ್ಕಿದಳು.

ಸುಣ್ಣ ಬಿಗಿಯಾಗಿ ಕಲ್ಲಿನ ಹಾಗೆ ಹೊಳೆಯತೊಡಗಿದ ದಿನ ತಾಡಪತ್ರಿ ತೆಗೆದರು. ಆ ದಿನವೇ ದೊಡ್ಡ ಮಳೆ ಬಂತು. ದೋಣಿಗಳೆಲ್ಲ ಭೋರೆಂದು ಓಣಿಗೆ ನೀರು ಸುರಿಸಿದವು. ಕೋಣೆಯೊಳಗೆ ಎಲ್ಲರೂ ಗೋಡೆಯನ್ನೇ ನೋಡುತ್ತ ನಿಂತರು. ಶಂಕ್ರಮ್ಮ ಮೂಲೆಯಿಂದ ಮೂಲೆಗೆ ಅಂಗೈ ಸವರುತ್ತ ಹೋದಳು. ಕೊನೆಯ ಮೂಲೆಗೆ ಬಂದು ಅಂಗೈ ತಿರುಗಿಸಿ ಎಲ್ಲರಿಗೂ ತೋರಿಸಿದಳು.

ಒಣಗಿತ್ತು.

ನೀಲಗಂಗಮ್ಮ ತೊಟ್ಟಿಲನ್ನು ಮೂಲೆಯಿಂದ ಗೋಡೆಯ ಪಕ್ಕಕ್ಕೆ ಎಳೆದುಕೊಂಡಳು. ಮಾಣಿಕಪ್ಪ ಕಣ್ಣು ಮುಚ್ಚಿಕೊಂಡ.

*

ಮಳೆ ನಿಂತ ಮೇಲೆ ಪುತಳಾ ಒಬ್ಬಳೇ ಮಾಳಿಗೆ ಹತ್ತಿದಳು. ತೊಳೆದ ಕುಂಬಿ ಬಿಸಿಲಿಗೆ ಮಿನುಗುತ್ತಿತ್ತು.

ಹಿಂದೆ ಹೆಜ್ಜೆಯ ಸದ್ದಾಯಿತು. ಅವಳು ತಿರುಗಲಿಲ್ಲ.

"ಗ್ವಾಡಿ ಮುಗೀತು ಪುತಳಾ."

"ಹೂಂ."

"ಕೈ ತೊಳಕೊಂಡೀನಿ."

ಅವಳು ತಿರುಗಿದಳು. ಅವನು ಎರಡೂ ಅಂಗೈ ಚಾಚಿ ನಿಂತಿದ್ದ. ಉಗುರಿನ ಸಂದಿಯ ಸುಣ್ಣವನ್ನೂ ಕೆರೆದು ತೆಗೆದಿದ್ದ. ಆಡಿದ ಮಾತು ಉಳಿಸಿಕೊಳ್ಳುವುದರಲ್ಲಿ ಈ ಮನುಷ್ಯನಿಗೆ ಸ್ವಲ್ಪವೂ ಬುದ್ಧಿಯಿಲ್ಲ! ಅವನ ಮುಖದಲ್ಲಿ ಎಷ್ಟು ಹೆದರಿಕೆ ಇತ್ತೆಂದರೆ ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

"ನಾನಾಗೇ ಕೇಳ್ತೀನಿ ಅಂದಿದ್ದೆ. ಕೊಡೂದಿದ್ರ... ಖಣ ಕೊಡು."

ಪುತಳಾ ಚಂಚಿ ಬಿಚ್ಚಿ ತಲೆಕೆಳಗಾಗಿ ಜಾಡಿಸಿದಳು. ಅವನ ಅಂಗೈ ಮೇಲೆ ಒಣಗಿದ ಬೇವಿನೆಲೆಯ ಪುಡಿ ಮಾತ್ರ ಬಿತ್ತು.

"ಖಣ ಎಲ್ಲದ?"

"ಬುರ್ಹಾನುದ್ದೀನ್ ದರ್ಜಿ ಹಂತ್ಯಾಕ ಅದ," ಅವಳು ತಲೆ ತಗ್ಗಿಸಿದಳು. "ಹೊಲಿಯಾಕ ಹಾಕೀನ್ರಿ."